ಅಪ್ಪನಿಗೆಷ್ಟು ರಜೆ?

2017ರ ತಿದ್ದುಪಡಿಯಿಂದ ಸಂಘಟಿತ ವಲಯದ ತಾಯಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ. 50 ಮಂದಿ ದುಡಿಯುವಲ್ಲಿ ಕೂಸುಗಳನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಇರಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು. ಅಪ್ಪನ ಸುದ್ದಿಯೇ ಇಲ್ಲ! ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ ಪಿತೃತ್ವ ರಜೆ. ನಮ್ಮಂಥ ಖಾಸಗಿಯವರಿಗೆ ಕಂಪನಿ ಕೊಟ್ಟಷ್ಟು. ಪುಣೆಯಲ್ಲಿ ನನಗೆ ಸಿಕ್ಕಿದ್ದು ಐದು ದಿನ.

ಊರಲ್ಲಾದರೆ ಬಾಣಂತನಕ್ಕೆ ಹತ್ತು ಕೈ. ಇಲ್ಲಿಗೆ ಧಾರವಾಡದಿಂದ ನಮ್ಮವ್ವ ಬಂದು ಕೂಸಿಗೆ ಎರೆದಳು. ಅಲ್ಲಿ ನಮ್ಮಪ್ಪ ಮೂರು ತಿಂಗಳು ಖಾನಾವಳಿಯಲ್ಲಿ ಉಂಡ.

ರಜೆಯೆಲ್ಲ ತಾಯಿಯದೇ, ಆ ಸಂಬಳದ ಭಾರ ಮಾಲೀಕನದೇ ಆದರೆ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಕಂಪನಿಗಳು ಹಿಂದೆಮುಂದೆ ನೋಡುತ್ತವೆ. ಇಎಸ್‌ಐ ಇರುವವರಿಗೆ ಹೆರಿಗೆ ಭತ್ಯೆ ನಿಧಿಯಿಂದ ಬರುತ್ತದೆ. ಉಳಿದವರಿಗೂ ಅಂಥದೇ ನಿಧಿ ಮಾಡಿ, ಅಪ್ಪನಿಗೂ ಅದರಿಂದಲೇ ಒಂದು ತಿಂಗಳು ಕೊಡಲಿ.