ವಿಳಾಸವೂ ಒಂದು ಬಂಡವಾಳ: ಕೈ ಜಿಪಿಎಸ್ ಉಪಕರಣದಲ್ಲಿ ನಕ್ಷೆ ಹಾಗೂ ಕಡತಗಳ ನಿರ್ವಹಣೆ

ವ್ಯಾಪಾರ ಸಂಸ್ಥೆಯಲ್ಲಿ ದಾಸ್ತಾನಿಗೆ ಪುಸ್ತಕವಿದೆ, ನಗದಿಗೆ ಪುಸ್ತಕವಿದೆ, ಬಾಕಿ ಬರಬೇಕಾದ ಹಣಕ್ಕೆ ಖಾತೆಯಿದೆ. ಆದರೆ ಸರಕು ತಲುಪಬೇಕಾದ ಸ್ಥಳಗಳ ಲೆಕ್ಕವು ಅನೇಕ ಸಂಸ್ಥೆಗಳಲ್ಲಿ ಇಂದಿಗೂ ಪುಸ್ತಕಕ್ಕೆ ಏರಿಲ್ಲ. ಅದು ಲೈನಿಗೆ ಹೋಗುವ ಸೇಲ್ಸ್‌ಮನ್ ಅಥವಾ ವ್ಯಾನಿನ ಚಾಲಕನ ನೆನಪಿನಲ್ಲಿರುತ್ತದೆ. ಆತ ಕೆಲಸ ಬಿಟ್ಟ ದಿನ ಹತ್ತಾರು ವರ್ಷಗಳಲ್ಲಿ ಕೂಡಿಬಂದ ಆ ತಿಳಿವಳಿಕೆಯೂ ಅವನೊಡನೆ ಹೊರಟುಹೋಗುತ್ತದೆ. ಹೊಸಬನು ಅದನ್ನು ಕಲಿಯುವಷ್ಟರಲ್ಲಿ ಇಂಧನ, ಸಮಯ ಮತ್ತು ಗ್ರಾಹಕರ ಸಹನೆ ಮೂರೂ ವ್ಯಯವಾಗುತ್ತವೆ.

ನಮ್ಮ ಮೈಸೂರಿನ ಕುವೆಂಪುನಗರವನ್ನೇ ಉದಾಹರಣೆಯಾಗಿ ನೋಡಬಹುದು. ಯೋಜಿತವಾಗಿ ನಿರ್ಮಾಣವಾದ ಈ ಬಡಾವಣೆಯಲ್ಲಿ ಅಕ್ಷರಗಳಿಂದ ಗುರುತಿಸುವ ಬ್ಲಾಕುಗಳೂ ಸಂಖ್ಯೆಯಿಂದ ಗುರುತಿಸುವ ಮುಖ್ಯರಸ್ತೆ, ಅಡ್ಡರಸ್ತೆಗಳೂ ಇವೆ. ಅದೇ ಸಂಖ್ಯೆಯ ಅಡ್ಡರಸ್ತೆಗಳು ಸರಸ್ವತೀಪುರದಲ್ಲಿಯೂ ಉಂಟು. ಕುವೆಂಪುನಗರವೆಂಬ ಬಡಾವಣೆಗಳಾದರೋ ಹಾಸನ, ಬೆಳಗಾವಿಗಳಲ್ಲಿಯೂ ಇವೆ. 570023 ಎಂಬ ಪಿನ್‌ಕೋಡ್ ಅಂಚೆಗೆ ಸಾಕು, ಸರಕಿನ ವ್ಯಾನಿಗೆ ಸಾಲದು. ನಗರದ ಹೊರಗೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳತ್ತ ಹೊರಟರೆ, ಪಂಪ್‌ಸೆಟ್ ದುರಸ್ತಿಗೆ ಕರೆ ಬಂದ ಹೊಲಕ್ಕೆ ಬಾಗಿಲ ಸಂಖ್ಯೆಯೇ ಇರುವುದಿಲ್ಲ. ಇಂತಹ ಕಡೆ ಅಕ್ಷಾಂಶ ಮತ್ತು ರೇಖಾಂಶಗಳೇ ನಿಶ್ಚಿತವಾದ ವಿಳಾಸ. ಅವುಗಳನ್ನು ದಾಖಲಿಸುವ, ಕಾಪಾಡುವ ಮತ್ತು ಮರಳಿ ಬಳಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊಬೈಲ್ ಇರುವಾಗ ಪ್ರತ್ಯೇಕ ಉಪಕರಣವೇಕೆ?

ನಗರದೊಳಗಿನ ಸಂಚಾರಕ್ಕೆ ಮೊಬೈಲ್ ಫೋನ್ ಸಾಕೆಂಬುದನ್ನು ಒಪ್ಪಲೇಬೇಕು. ಆದರೆ ಕಾಡಂಚಿನ ಹಳ್ಳಿಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ಸುತ್ತಮುತ್ತ, ಕೊಡಗಿನ ತೋಟಗಳಲ್ಲಿ ಮೊಬೈಲ್ ಸಂಪರ್ಕ ಎಲ್ಲೆಡೆ ದೊರೆಯದು. ಕೈಯಲ್ಲಿ ಹಿಡಿಯುವ ಜಿಪಿಎಸ್ ಉಪಕರಣವು ನಕ್ಷೆಯನ್ನು ತನ್ನೊಳಗೇ ಇಟ್ಟುಕೊಳ್ಳುವುದರಿಂದ ಅದಕ್ಕೆ ಸಂಪರ್ಕದ ಹಂಗಿಲ್ಲ. 2011ರಲ್ಲಿ ಬಂದ ಗಾರ್ಮಿನ್ ಇಟ್ರೆಕ್ಸ್ 20ರಂತಹ ಸಾಧಾರಣ ಉಪಕರಣವು ಎರಡು ಎಎ ಬ್ಯಾಟರಿಗಳಲ್ಲಿ ಸುಮಾರು 25 ಗಂಟೆ ನಡೆಯುವುದೆಂದು ತಯಾರಕರು ಹೇಳುತ್ತಾರೆ. ಮಳೆ, ಧೂಳುಗಳನ್ನು ಅದು ತಾಳಿಕೊಳ್ಳುತ್ತದೆ. ಚಾಲಕನ ಸ್ವಂತ ಫೋನಿನಲ್ಲಿ ಸಂಸ್ಥೆಯ ಮಾಹಿತಿ ಸೇರಿಹೋಗುವ ತೊಡಕೂ ಇಲ್ಲಿಲ್ಲ. ಮುಂದೆ ಹೇಳುವ ಕಡತ ಕ್ರಮವನ್ನು ಮೊಬೈಲ್ ಬಳಸುವವರೂ ಅನುಸರಿಸಬಹುದು. ಕಡತದ ಮಾದರಿ ಎರಡಕ್ಕೂ ಒಂದೇ ಆಗಿದೆ.

ಆಟದಿಂದ ಬಂದ ಶಿಸ್ತು

2000ನೇ ಇಸವಿಯ ಮೇ 2ರವರೆಗೆ ಅಮೆರಿಕ ಸರ್ಕಾರವು ನಾಗರಿಕರಿಗೆ ದೊರೆಯುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಅಸ್ಪಷ್ಟಗೊಳಿಸಿತ್ತು. ಸ್ಥಾನ ನಿರ್ಣಯದಲ್ಲಿ ನೂರು ಮೀಟರ್‌ವರೆಗೆ ವ್ಯತ್ಯಾಸ ಬರುತ್ತಿತ್ತು. ಅಂದು ಆ ನಿರ್ಬಂಧವನ್ನು ತೆಗೆಯಲಾಯಿತು. ಮರುದಿನವೇ ಒರೆಗಾನ್ ರಾಜ್ಯದ ಡೇವ್ ಉಲ್ಮರ್ ಎಂಬುವರು ಕಾಡಿನಲ್ಲಿ ಒಂದು ಬಕೆಟ್ಟನ್ನು ಇರಿಸಿ, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿ, ಹುಡುಕಿರೆಂದು ಆಹ್ವಾನಿಸಿದರು. ಜಿಯೋಕ್ಯಾಚಿಂಗ್ ಎಂಬ ಜಾಗತಿಕ ಆಟ ಹುಟ್ಟಿದ್ದು ಹೀಗೆ.

ಆಟವೆಂದು ಇದನ್ನು ಬದಿಗಿಡಬೇಕಾಗಿಲ್ಲ. ಸಾವಿರಾರು ಸ್ಥಳಗಳ ಮಾಹಿತಿಯನ್ನು ಅಪರಿಚಿತರ ನಡುವೆ ತಪ್ಪಿಲ್ಲದೆ ಹಂಚಿಕೊಳ್ಳುವ ಅಗತ್ಯವು ಈ ಆಟಗಾರರಿಗೆ ಮೊದಲು ಒದಗಿತು. 2002ರಲ್ಲಿ ಬಂದ ಜಿಪಿಎಕ್ಸ್ ಎಂಬ ಕಡತ ಮಾದರಿಯನ್ನು ಅವರು ವ್ಯಾಪಕವಾಗಿ ಬಳಕೆಗೆ ತಂದರು. ಅವರ ಕಡತದಲ್ಲಿ ಪ್ರತಿ ಸ್ಥಳಕ್ಕೂ ಐದು ಸಂಗತಿಗಳಿರುತ್ತವೆ: ಎಂದೂ ಬದಲಾಗದ ಸಂಕೇತ ಸಂಖ್ಯೆ, ಹೆಸರು, ತಲುಪುವ ಕಷ್ಟದ ಪ್ರಮಾಣ, ಒಂದು ಸುಳಿವು ಮತ್ತು ಈಚೆಗೆ ಹೋಗಿಬಂದವರ ದಿನಾಂಕಸಹಿತ ಷರಾ. ನಮ್ಮ ವಿತರಕರಿಗೆ ಬೇಕಾದುದೂ ಇವೇ ಅಲ್ಲವೇ? ಗ್ರಾಹಕರ ಸಂಖ್ಯೆ, ಅಂಗಡಿಯ ಹೆಸರು, ಲಾರಿ ಹೋಗುವುದೋ ಆಟೋ ಮಾತ್ರ ಹೋಗುವುದೋ ಎಂಬ ಸೂಚನೆ, ‘ಅರಳಿಕಟ್ಟೆಯ ಎದುರು, ಹಸಿರು ಗೇಟು’ ಎಂಬ ಗುರುತು, ಕೊನೆಯ ಭೇಟಿಯ ದಿನ. ಮುಚ್ಚಿಹೋದ ತಾಣಗಳನ್ನು ಆಟಗಾರರು ಪಟ್ಟಿಯಿಂದ ತೆಗೆದು, ಹೊಸ ಕಡತವನ್ನು ಆಗಾಗ್ಗೆ ಇಳಿಸಿಕೊಳ್ಳುತ್ತಾರೆ. ಮುಚ್ಚಿದ ಅಂಗಡಿಯ ಬಾಗಿಲಿಗೆ ವ್ಯಾನ್ ಕಳುಹಿಸದಿರಲು ವರ್ತಕರೂ ಅದನ್ನೇ ಮಾಡತಕ್ಕದ್ದು.

ನಕ್ಷೆಗಳನ್ನು ಇಡುವ ಬಗೆ

ಉಪಕರಣದೊಳಗೆ ನಕ್ಷೆ ಮತ್ತು ಬಿಂದುಗಳು ಬೇರೆ ಬೇರೆ ಕಡತಗಳು. ನಕ್ಷೆಯು ಹಿನ್ನೆಲೆ, ಬಿಂದುಗಳು ನಮ್ಮ ಸ್ವಂತ ದುಡಿಮೆ. ನಕ್ಷೆ ಹಾಳಾದರೆ ಮತ್ತೆ ಇಳಿಸಿಕೊಳ್ಳಬಹುದು, ಬಿಂದುಗಳು ಹೋದರೆ ಮತ್ತೆ ಊರೂರು ತಿರುಗಬೇಕು. ಈ ಭೇದವನ್ನು ಸಿಬ್ಬಂದಿಗೆ ಮೊದಲು ಮನದಟ್ಟು ಮಾಡಿಸಬೇಕು.

ಗಾರ್ಮಿನ್ ಉಪಕರಣಗಳಲ್ಲಿ ನಕ್ಷೆಯು ಐಎಂಜಿ ಎಂಬ ಬಾಲದ ಕಡತವಾಗಿ ‘ಗಾರ್ಮಿನ್’ ಎಂಬ ಫೋಲ್ಡರಿನಲ್ಲಿ ಕೂರುತ್ತದೆ. ಹಳೆಯ ಮಾದರಿಗಳು ‘ಜಿಮ್ಯಾಪ್‌ಸಪ್’ ಎಂಬ ಒಂದೇ ಹೆಸರಿನ ಕಡತವನ್ನು ಮಾತ್ರ ಗುರುತಿಸುತ್ತವೆ. ಎರಡನೆಯ ನಕ್ಷೆಯನ್ನು ಅದೇ ಹೆಸರಿನಲ್ಲಿ ಹಾಕಿದರೆ ಮೊದಲನೆಯದು ಅಳಿಸಿಹೋಗುತ್ತದೆ. ಹೊಸ ಮಾದರಿಗಳಲ್ಲಿ ಬೇರೆ ಬೇರೆ ಹೆಸರಿನ ಹಲವು ನಕ್ಷೆಗಳನ್ನು ಇಡಬಹುದು. ಆದರೆ ಎಲ್ಲವನ್ನೂ ಒಮ್ಮೆಲೇ ಚಾಲೂ ಮಾಡಿದರೆ ಒಂದರ ಮೇಲೊಂದು ಬಿದ್ದು ಪರದೆ ನಿಧಾನವಾಗುತ್ತದೆ, ಕೆಲವೊಮ್ಮೆ ರಸ್ತೆಗಳೇ ಮರೆಯಾಗುತ್ತವೆ. ಆಯಾ ದಿನದ ಪ್ರದೇಶಕ್ಕೆ ಸಂಬಂಧಿಸಿದ ಒಂದು ನಕ್ಷೆ ಮಾತ್ರ ಚಾಲೂ ಇರಲಿ. ಮೆಮೊರಿ ಕಾರ್ಡ್ ಸಾಮಾನ್ಯವಾಗಿ ಎಫ್‌ಎಟಿ32 ಕ್ರಮದಲ್ಲಿರುವುದರಿಂದ ಒಂದು ಕಡತ 4 ಜಿಬಿಯನ್ನು ಮೀರುವಂತಿಲ್ಲ. ಇಡೀ ದೇಶದ ನಕ್ಷೆಗಿಂತ ಕರ್ನಾಟಕ ಮತ್ತು ನೆರೆಯ ಜಿಲ್ಲೆಗಳ ನಕ್ಷೆ ನಮ್ಮ ಸದಸ್ಯರಿಗೆ ಹೆಚ್ಚು ಅನುಕೂಲಕರ.

2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ಯೋಜನೆಯ ಮಾಹಿತಿಯಿಂದ ತಯಾರಾದ ನಕ್ಷೆಗಳು ಈ ಉಪಕರಣಗಳಿಗೆ ಉಚಿತವಾಗಿ ದೊರೆಯುತ್ತವೆ. ಅವನ್ನು ಸ್ವಯಂಸೇವಕರು ತುಂಬುವುದರಿಂದ ಕೈಗಾರಿಕಾ ಪ್ರದೇಶದ ಒಳರಸ್ತೆ ಎಲ್ಲಿಯಾದರೂ ಬಿಟ್ಟುಹೋಗಿದ್ದರೆ ಕಾರ್ಖಾನೆಯವರೇ ಸೇರಿಸಬಹುದು. ಹಾಗೆ ಸೇರಿಸಿದ ರಸ್ತೆಯು ಹೊರಗಿನಿಂದ ಬರುವ ಲಾರಿ ಚಾಲಕನಿಗೂ ದಾರಿ ತೋರಿಸುತ್ತದೆ.

ಅಂಕಿಯ ಎಡವಟ್ಟು ಮತ್ತು ಆಧಾರದ ಎಡವಟ್ಟು

ಸ್ಥಾನವನ್ನು ಬರೆಯುವ ರೀತಿಗಳು ಮೂರು: ದಶಮಾಂಶ ಡಿಗ್ರಿ, ಡಿಗ್ರಿ ಮತ್ತು ದಶಮಾಂಶ ಮಿನಿಟು, ಡಿಗ್ರಿ ಮಿನಿಟು ಸೆಕೆಂಡು. ಮೊಬೈಲ್ ನಕ್ಷೆಗಳು ಮೊದಲನೆಯದನ್ನೂ ಜಿಯೋಕ್ಯಾಚಿಂಗ್ ಆಟಗಾರರು ಎರಡನೆಯದನ್ನೂ ಬಳಸುತ್ತಾರೆ. ಕುವೆಂಪುನಗರದ ಅಕ್ಷಾಂಶ ಸುಮಾರು 12.29 ಡಿಗ್ರಿ, ಎಂದರೆ 12 ಡಿಗ್ರಿ 17.4 ಮಿನಿಟು. ಇದನ್ನೇ ಯಾರಾದರೂ 12 ಡಿಗ್ರಿ 29 ಮಿನಿಟು ಎಂದು ಉಪಕರಣಕ್ಕೆ ತುಂಬಿದರೆ ಗುರಿಯು 21 ಕಿಲೋಮೀಟರ್‌ಗೂ ಹೆಚ್ಚು ಉತ್ತರಕ್ಕೆ ಸರಿದು ಪಾಂಡವಪುರದ ಆಸುಪಾಸಿಗೆ ಹೋಗುತ್ತದೆ. ಆದುದರಿಂದ ಸಂಸ್ಥೆಯಲ್ಲಿ ಒಂದೇ ರೀತಿ ಬಳಕೆಯಲ್ಲಿರಬೇಕು. ದಶಮಾಂಶ ಡಿಗ್ರಿಯಾದರೆ ಚುಕ್ಕೆಯ ನಂತರ ಐದು ಅಂಕಿಗಳು ಸಾಕು. ಐದನೆಯ ಅಂಕಿಯ ಬೆಲೆ ನೆಲದ ಮೇಲೆ ಸುಮಾರು 1.1 ಮೀಟರ್.

ಎರಡನೆಯ ಎಡವಟ್ಟು ಇನ್ನೂ ಸೂಕ್ಷ್ಮವಾದುದು. 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದರು. 1802ರಲ್ಲಿ ಮದರಾಸಿನಲ್ಲಿ ಆರಂಭವಾದ ಮಹಾ ತ್ರಿಕೋನಮಿತಿ ಸರ್ವೆಗೆ ಅದು ಪೂರ್ವಭಾವಿ ಕಾರ್ಯವಾಗಿತ್ತು. ಆ ಸರ್ವೆಯನ್ನು ಮುಂದುವರಿಸಿದ ಜಾರ್ಜ್ ಎವರೆಸ್ಟ್ ಅವರ ಹೆಸರಿನ ಭೂಗೋಳ ಮಾದರಿಯ ಮೇಲೆ ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳು ರಚಿತವಾಗಿವೆ. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್84 ಎಂಬ ಬೇರೆ ಆಧಾರವನ್ನು. ಮೈಸೂರು ನಗರವಿರುವ 57 ಡಿ/11 ಸಂಖ್ಯೆಯ ಹಳೆಯ ಹಾಳೆಯಿಂದ ಅಂಕಿಗಳನ್ನು ಓದಿ ನೇರವಾಗಿ ಉಪಕರಣಕ್ಕೆ ತುಂಬಿದರೆ ನೂರಿನ್ನೂರು ಮೀಟರಿನ ವ್ಯತ್ಯಾಸ ಬರುತ್ತದೆ. ಬಡಾವಣೆಯಲ್ಲಿ ಅಷ್ಟು ದೂರವೆಂದರೆ ಕೆಲವು ಅಡ್ಡರಸ್ತೆಗಳೇ ದಾಟಿದಂತೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರದ ಮುಕ್ತ ಸರಣಿಯ ನಕ್ಷೆಗಳು ಡಬ್ಲ್ಯುಜಿಎಸ್84 ಆಧಾರದಲ್ಲಿವೆ. ಉಪಕರಣದ ಸೆಟ್ಟಿಂಗಿನಲ್ಲಿ ಈ ಆಧಾರವೇ ಇದೆಯೆಂದು ಒಮ್ಮೆ ನೋಡಿಕೊಳ್ಳುವುದು ಒಳಿತು.

ಬಿಂದುಗಳ ಕಡತ

ಜಿಪಿಎಕ್ಸ್ ಕಡತದಲ್ಲಿ ಮೂರು ಬಗೆಯ ಮಾಹಿತಿಯಿರಬಹುದು: ಬಿಡಿ ಬಿಂದುಗಳು, ಮುಂದೆ ಸಾಗಬೇಕಾದ ಮಾರ್ಗ, ಈಗಾಗಲೇ ಸಾಗಿದ ಜಾಡು. ಮೂರನ್ನೂ ಒಂದೇ ಕಡತದಲ್ಲಿ ಬೆರೆಸಬಾರದು. ಲೈನಿಗೊಂದು ಬಿಂದು ಕಡತ, ದಿನಕ್ಕೊಂದು ಜಾಡಿನ ಕಡತ ಎಂಬ ಕ್ರಮ ಸರಳವಾದುದು. ಇಟ್ರೆಕ್ಸ್ 20ರಲ್ಲಿ 2,000 ಬಿಂದುಗಳಿಗೂ 200 ಮಾರ್ಗಗಳಿಗೂ ಸ್ಥಳವಿದೆ. ಸಣ್ಣ ವಿತರಕರಿಗೆ ಇದು ಧಾರಾಳ. ಆದರೂ ಜಿಪಿಎಕ್ಸ್ ಫೋಲ್ಡರಿನಲ್ಲಿ ಹಳೆಯ ಕಡತಗಳು ರಾಶಿ ಬಿದ್ದರೆ ಉಪಕರಣ ಚಾಲೂ ಆಗುವುದೇ ತಡವಾಗುತ್ತದೆ. ಹಾಳಾದ ಒಂದು ಕಡತದಿಂದ ಅದು ಆರಂಭದಲ್ಲಿಯೇ ನಿಂತುಬಿಡುವುದೂ ಉಂಟು. ಅಂತಹ ಸಮಯದಲ್ಲಿ ಉಪಕರಣ ಕೆಟ್ಟಿತೆಂದು ಭಾವಿಸದೆ, ಕಂಪ್ಯೂಟರಿಗೆ ಜೋಡಿಸಿ, ಆ ಫೋಲ್ಡರಿನ ಕಡತಗಳನ್ನು ಹೊರಕ್ಕೆ ಸಾಗಿಸಿ, ಒಂದೊಂದಾಗಿ ಮರಳಿ ಹಾಕಿ ನೋಡಬೇಕು. ಕೇಬಲ್ ಕೀಳುವ ಮುನ್ನ ಕಂಪ್ಯೂಟರಿನಲ್ಲಿ ಸಂಪರ್ಕವನ್ನು ಕ್ರಮವಾಗಿ ಮುಕ್ತಾಯಗೊಳಿಸಿದರೆ ಕಡತ ಹಾಳಾಗುವ ಸಂಭವ ಕಡಿಮೆ.

ಬಿಂದುವಿನ ಹೆಸರಿನ ವಿಷಯದಲ್ಲಿಯೂ ಶಿಸ್ತು ಬೇಕು. ಹಳೆಯ ಉಪಕರಣಗಳ ಪರದೆಗಳು ಕನ್ನಡ ಲಿಪಿಯನ್ನು ತೋರಿಸುವುದಿಲ್ಲ, ಉದ್ದ ಹೆಸರುಗಳನ್ನು ಕತ್ತರಿಸುತ್ತವೆ. ಮೊದಲ ಇಟ್ರೆಕ್ಸ್‌ನಲ್ಲಿ ಹೆಸರಿಗೆ ಆರು ಅಕ್ಷರಗಳಷ್ಟೇ ಅವಕಾಶವಿತ್ತು. ಆದಕಾರಣ ಬಡಾವಣೆಗೆ ಎರಡು ರೋಮನ್ ಅಕ್ಷರ, ನಂತರ ಖಾತೆ ಪುಸ್ತಕದ ಗ್ರಾಹಕ ಸಂಖ್ಯೆ ಎಂದಿಟ್ಟುಕೊಂಡರೆ ಖಾತೆಗೂ ನಕ್ಷೆಗೂ ತಾಳೆಯಾಗುತ್ತದೆ. ಉಳಿದ ವಿವರವೆಲ್ಲ ಷರಾ ಭಾಗದಲ್ಲಿರಲಿ. ಬಿಂದುವನ್ನು ಗುರುತಿಸುವಾಗ ಚಲಿಸುವ ವಾಹನದಿಂದ ಗುರುತಿಸಬಾರದು. ಸರಕು ಇಳಿಸುವ ಬಾಗಿಲಿನ ಬಳಿ, ಆಕಾಶ ತೆರೆದಿರುವ ಕಡೆ ನಿಂತು, ಸರಾಸರಿ ತೆಗೆಯುವ ಸೌಲಭ್ಯವಿದ್ದರೆ ಅದನ್ನು ಬಳಸಬೇಕು. ದಟ್ಟ ಮರಗಳ ಕೆಳಗೂ ಎತ್ತರದ ಕಟ್ಟಡಗಳ ಸಂದಿಯಲ್ಲೂ ವ್ಯತ್ಯಾಸ ಹೆಚ್ಚು.

ಜಾಡು, ಸಮಯ ಮತ್ತು ಸಾಕ್ಷ್ಯ

ಸರಕು ತಲುಪಿತೋ ಇಲ್ಲವೋ ಎಂಬ ವಿವಾದದಲ್ಲಿ ಜಾಡಿನ ಕಡತ ಉಪಯುಕ್ತ. ಆದರೆ ಅದನ್ನು ಓದುವ ರೀತಿ ತಿಳಿದಿರಬೇಕು. ಜಿಪಿಎಕ್ಸ್ ಕಡತದ ಸಮಯವು ಅಂತರರಾಷ್ಟ್ರೀಯ ಕಾಲಮಾನದಲ್ಲಿರುತ್ತದೆ. ನಮ್ಮ ಬೆಳಗಿನ 10.30 ಅದರಲ್ಲಿ 5.00 ಎಂದು ದಾಖಲಾಗುತ್ತದೆ. ಇದನ್ನರಿಯದೆ ಪ್ರಾಮಾಣಿಕ ಚಾಲಕನು ನಸುಕಿನಲ್ಲಿಯೇ ವಾಹನ ತೆಗೆದುಕೊಂಡು ಹೋದನೆಂದು ಅನುಮಾನಿಸುವ ಪ್ರಮೇಯ ಬರಬಾರದು. ಹಳೆಯ ಉಪಕರಣಗಳನ್ನು ಹೊರತೆಗೆಯುವವರಿಗೆ ಇನ್ನೊಂದು ಎಚ್ಚರಿಕೆ: ಜಿಪಿಎಸ್ ವಾರಗಳ ಎಣಿಕೆ 1,024ಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್‌ನಲ್ಲಿ ಹಾಗೆ ಮರಳಿದ ನಂತರ, ತಂತ್ರಾಂಶ ನವೀಕರಿಸದ ಕೆಲವು ಉಪಕರಣಗಳು ತಪ್ಪು ದಿನಾಂಕ ತೋರಿಸುತ್ತವೆ.

ಕಾನೂನಿನ ಮಿತಿ

2021ರ ಫೆಬ್ರುವರಿ 15ರಂದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ ಭಾರತೀಯ ಸಂಸ್ಥೆಗಳು ನಕ್ಷೆ ಮತ್ತು ಭೂಮಾಹಿತಿಯನ್ನು ಸಂಗ್ರಹಿಸಲು ಪೂರ್ವಾನುಮತಿ ಪಡೆಯಬೇಕಾಗಿಲ್ಲ. ಸೂಕ್ಷ್ಮ ಸ್ಥಳಗಳ ಬಗೆಗಿನ ನಿರ್ಬಂಧಗಳು ಮಾತ್ರ ಮುಂದುವರಿದಿವೆ. ಸಂಕೇತವನ್ನು ಕೇವಲ ಸ್ವೀಕರಿಸುವ ಜಿಪಿಎಸ್ ಉಪಕರಣ ಬೇರೆ, ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಉಪಕರಣ ಬೇರೆ. ಎರಡನೆಯದನ್ನು ದೂರಸಂಪರ್ಕ ಇಲಾಖೆಯ ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದು ಅಪರಾಧ. ವಿದೇಶದಿಂದ ಬಂಧುಗಳು ತರುವ ಉಪಕರಣಗಳ ವಿಷಯದಲ್ಲಿ ಇದನ್ನು ಪರಿಶೀಲಿಸಬೇಕು. ಗ್ರಾಹಕರ ಮನೆಯ ಸ್ಥಾನವು ವೈಯಕ್ತಿಕ ಮಾಹಿತಿಯೂ ಹೌದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಗಮನದಲ್ಲಿಟ್ಟುಕೊಂಡು, ಆ ಕಡತ ಯಾರ ಕೈಗೆ ಸಿಗಬೇಕು, ಯಾರ ಕೈಗೆ ಸಿಗಬಾರದು ಎಂಬುದನ್ನು ಮಾಲೀಕರೇ ನಿರ್ಧರಿಸಬೇಕು.

ವಾರದ ಒಂದು ಗಂಟೆ

ಇಷ್ಟಕ್ಕೆಲ್ಲ ಪ್ರತ್ಯೇಕ ಸಿಬ್ಬಂದಿಯ ಅಗತ್ಯವಿಲ್ಲ. ಶನಿವಾರ ಸಂಜೆ ನಗದು ತಾಳೆ ನೋಡುವ ವೇಳೆಗೆ ಉಪಕರಣವನ್ನೂ ಕಂಪ್ಯೂಟರಿಗೆ ಜೋಡಿಸಿ, ವಾರದ ಬಿಂದುಗಳನ್ನೂ ಜಾಡುಗಳನ್ನೂ ದಿನಾಂಕದ ಹೆಸರಿನಲ್ಲಿ ನಕಲಿಸಬೇಕು. ಹೊಸ ಗ್ರಾಹಕರನ್ನು ಮೂಲ ಕಡತಕ್ಕೆ ಸೇರಿಸಿ, ಮುಚ್ಚಿದ ಅಂಗಡಿಗಳನ್ನು ತೆಗೆಯಬೇಕು. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಪ್ರತಿ ಕಚೇರಿಯಿಂದ ಹೊರಗೆ ಇರಬೇಕು. ಜಿಪಿಎಸ್‌ಬೇಬಲ್‌ನಂತಹ ಉಚಿತ ತಂತ್ರಾಂಶದಿಂದ ಇದೇ ಕಡತವನ್ನು ಬೇರೆ ಕಂಪನಿಯ ಉಪಕರಣಕ್ಕೆ ಒಗ್ಗುವಂತೆ ಪರಿವರ್ತಿಸಬಹುದಾದ್ದರಿಂದ, ಉಪಕರಣ ಬದಲಾದರೂ ಮಾಹಿತಿ ನಷ್ಟವಾಗದು.

ಉಪಕರಣದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಅದರೊಳಗಿನ ವಿಳಾಸಗಳ ಬೆಲೆಯಾದರೋ ಪ್ರತಿ ಭೇಟಿಯೊಡನೆ ಏರುತ್ತದೆ. ಮಳಿಗೆಯ ಬೀಗದ ಕೈಯನ್ನು ಒಬ್ಬರ ಜೇಬಿನಲ್ಲಿಯೇ ಬಿಟ್ಟು ನಿಶ್ಚಿಂತರಾಗಿರುವ ವರ್ತಕರು ಇಲ್ಲ. ಗ್ರಾಹಕರ ಬಾಗಿಲಿನ ದಾರಿಯ ವಿಷಯದಲ್ಲಿಯೂ ಅದೇ ಎಚ್ಚರ ವಹಿಸುವುದು ಸದಸ್ಯರಿಗೆ ಶ್ರೇಯಸ್ಕರ.