ತಲೆಬಾಗಿಲಿಗೆ ಮರ ಆರಿಸುವಾಗ

ತಲೆಬಾಗಿಲಿನ ಒಂದು ಮುಖಕ್ಕೆ ಬಿಸಿಲು, ಮಳೆ. ಇನ್ನೊಂದು ಮುಖಕ್ಕೆ ಒಳಮನೆಯ ತಂಪು. ಮನೆಯೊಳಗಿನ ಯಾವ ಮರಗೆಲಸವೂ ಒಂದೇ ಹೊತ್ತಿಗೆ ಹೀಗೆ ಎರಡು ಹವೆಗಳನ್ನು ತಾಳಬೇಕಾಗಿಲ್ಲ. ಅಳತೆ ಕೊಟ್ಟು ಬಡಗಿಯಿಂದ ಮಾಡಿಸುವ ಬಾಗಿಲಿನಲ್ಲಿ ಕೆತ್ತನೆಗಿಂತ ಮೊದಲು ನೋಡಬೇಕಾದ್ದು ಮರದ ಈ ತಾಳಿಕೆಯನ್ನು.

ಕರ್ನಾಟಕದಲ್ಲಿ ತಲೆಬಾಗಿಲೆಂದರೆ ತೇಗ ಎಂಬ ರೂಢಿಯಿದೆ. ಅದಕ್ಕೆ ಕಾರಣವೂ ಇದೆ. ತೇಗದಲ್ಲಿ ಸಹಜವಾದ ಎಣ್ಣೆಯ ಅಂಶವಿದ್ದು ಗೆದ್ದಲು ಸುಲಭವಾಗಿ ಹತ್ತದು. ಹವೆ ಬದಲಾದಾಗ ಹಿಗ್ಗುವುದು, ಕುಗ್ಗುವುದೂ ಕಡಿಮೆ. ಆದರೆ ಈ ಗುಣವೆಲ್ಲ ಮರದ ಬಲಿತ ಒಳಭಾಗವಾದ ಚೇಗಿಗೆ ಸೇರಿದ್ದು. ಎಳೆಯ ಮರದಲ್ಲಿ ಹೊರಗಿನ ಬಿಳಿಚು ಭಾಗವೇ ಹೆಚ್ಚು, ಅದಕ್ಕೆ ಹುಳು ಬೇಗ ಬೀಳುತ್ತದೆ. ತೇಗವೆಂಬ ಹೆಸರಿಗೆ ಹಣ ಕೊಟ್ಟು ಬಿಳಿಚು ಹಲಗೆ ತರುವುದಕ್ಕಿಂತ ಬಲಿತ ಹಲಸು ಅಥವಾ ಹೊನ್ನೆಯ ಚೇಗು ತರುವುದು ಎಷ್ಟೋ ಮೇಲು. ಮಲೆನಾಡು, ಕರಾವಳಿಯ ಹಳೆಯ ಮನೆಗಳಲ್ಲಿ ಹಲಸಿನ ಬಾಗಿಲುಗಳು ಇಂದಿಗೂ ಗಟ್ಟಿಯಾಗಿವೆ.

ಮರದ ಜಾತಿಗಿಂತಲೂ ದೊಡ್ಡ ಪ್ರಶ್ನೆ ಅದು ಒಣಗಿದೆಯೇ ಎಂಬುದು. ಮರ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಅಗಲಕ್ಕೆ ಮಾತ್ರ ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಆಷಾಢದಲ್ಲಿ ಬಾಗಿಲು ಬಿಗಿಯಾಗಿ ಬೇಸಿಗೆಯಲ್ಲಿ ಸಂದು ಬಿಡುವುದು ಇದರಿಂದಲೇ. ಒಳನಾಡಿನಲ್ಲಿ ಮರದ ತೇವ ಶೇಕಡಾ 12ರ ಆಸುಪಾಸಿಗೆ ಇಳಿದಿರಬೇಕು. ಅದನ್ನು ಅಳೆಯುವ ಚಿಕ್ಕ ಉಪಕರಣ ಒಳ್ಳೆಯ ಮರದಂಗಡಿಗಳಲ್ಲಿ ಇರುತ್ತದೆ. ಎದುರಿಗೇ ಅಳೆದು ತೋರಿಸಲು ಕೇಳುವುದರಲ್ಲಿ ಸಂಕೋಚ ಬೇಡ.

ಹಿಂದಿನ ಬಡಗಿಗಳು ಈ ಹಿಗ್ಗು-ಕುಗ್ಗನ್ನು ಬಲ್ಲವರು. ಹಲಗೆ ಬಾಗಿಲಿನ ರಚನೆಯಲ್ಲೇ ಅದಕ್ಕೆ ಉತ್ತರವಿದೆ: ಸುತ್ತಲಿನ ಪಟ್ಟಿಗಳನ್ನು ಒಂದರ ನಾಲಿಗೆ ಇನ್ನೊಂದರ ತೂತಿಗೆ ಕೂರುವಂತೆ ಬಿಗಿದು, ನಡುವಿನ ಹಲಗೆಯನ್ನು ಮಾತ್ರ ಅಂಟು ಹಾಕದೆ ಪಟ್ಟಿಗಳ ಒಳಅಂಚಿನ ತೋಡಿನಲ್ಲಿ ಸಡಿಲವಾಗಿ ಬಿಡುತ್ತಾರೆ. ಹಲಗೆ ಒಳಗೇ ಸರಿದಾಡುತ್ತದೆ, ಸೀಳುವುದಿಲ್ಲ. ಆ ಹಲಗೆಗೂ ಅಂಟು ಬಳಿದರೆ ಒಂದೆರಡು ಬೇಸಿಗೆಯಲ್ಲೇ ಬಿರುಕು ಬಿಡಬಹುದು.

ಕೊಳ್ಳಬೇಕಾದ ಮರದ ಲೆಕ್ಕದಲ್ಲಿ ಹಲವರು ದಾರಂದವನ್ನು, ಅಂದರೆ ಬಾಗಿಲಿನ ಚೌಕಟ್ಟನ್ನು, ಮರೆಯುತ್ತಾರೆ. ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲದ ಬಾಗಿಲಿಗೆ ಹೊಸ್ತಿಲೂ ಸೇರಿ ನಾಲ್ಕು ಬದಿಗೆ 21 ಅಡಿ ಉದ್ದ ಬೇಕು. ಐದು ಇಂಚು, ನಾಲ್ಕು ಇಂಚಿನ ತೊಲೆಯಾದರೆ ಸುಮಾರು 3 ಘನ ಅಡಿ. ಒಂದೂವರೆ ಇಂಚು ದಪ್ಪದ ಕದಕ್ಕೂ ಹತ್ತಿರ ಹತ್ತಿರ ಅಷ್ಟೇ ಮರ. ಕದದ ತೂಕ 50 ಕಿಲೋ ಆಸುಪಾಸು, ಹಾಗಾಗಿ ಮೂರಕ್ಕಿಂತ ಕಡಿಮೆ ತಿರುಗಣಿ ಸಾಲದು.

ಕೆತ್ತನೆ ಮನೆಯವರ ಇಷ್ಟ. ಮೇಲ್ಪಟ್ಟಿಯಲ್ಲಿ ಗಜಲಕ್ಷ್ಮಿ ಶೋಭಿಸುತ್ತಾಳೆ ನಿಜ. ಆದರೆ ಮಳೆಯ ಎರಚಲು ತಾಗುವ ಕೆಳಹಲಗೆಯಲ್ಲಿ ಆಳದ ಕೆತ್ತನೆ ನೀರು, ಧೂಳು ಹಿಡಿಯುತ್ತದೆ. ಪಾಲಿಶ್ ಹೊರಹವೆಗೆ ತಕ್ಕದ್ದಾಗಿರಬೇಕು, ಮೆಲಮೈನ್‌ಗಿಂತ ಪಾಲಿಯುರೆಥೇನ್ ಬಿಸಿಲನ್ನು ಹೆಚ್ಚು ತಡೆಯುತ್ತದೆ. ಕದದ ತಲೆ, ಬುಡದ ಅಂಚುಗಳಿಗೂ ಪಾಲಿಶ್ ಬಳಿಸಬೇಕು. ಕಣ್ಣಿಗೆ ಬೀಳದ ಆ ಅಂಚುಗಳಲ್ಲೇ ಮರ ಹೆಚ್ಚು ತೇವ ಕುಡಿಯುವುದು.

ದಾರಂದ ನಿಲ್ಲಿಸುವ ಮುಹೂರ್ತ ಹತ್ತಿರವಾದ ಮೇಲೆ ಮರ ಹುಡುಕಲು ಹೊರಡಬೇಡಿ. ಪಾಯ ತೋಡುವಾಗಲೇ ಕೊಂಡು, ಕೊಯ್ಯಿಸಿ, ನೆರಳಿನಲ್ಲಿ ನಡುವೆ ರಿಪೀಸು ಕೊಟ್ಟು ಗಾಳಿಯಾಡುವಂತೆ ಪೇರಿಸಿಡಿ.