ಕಿಡ್ನಿಯ ಬಾಯಿ ಕಟ್ಟಿದಾಗ: ಗಡಿಭಾಗದ ರೋಗಿ ಮತ್ತು ಪೈಲೋಪ್ಲಾಸ್ಟಿ

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಕನ್ನಡ ಮನೆಗಳವರು ದೊಡ್ಡ ಆಸ್ಪತ್ರೆಗೆಂದರೆ ಬೀದರ್, ಕಲಬುರಗಿ, ಇಲ್ಲವೇ ಹೈದರಾಬಾದಿಗೆ ಹೋಗಬೇಕು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಮತ್ತು ದಖನಿ, ಡಿಸ್ಚಾರ್ಜ್ ಕಾಗದ ಮಾತ್ರ ಇಂಗ್ಲಿಷ್. ಇವುಗಳ ನಡುವೆ ಸುಲಭವಾಗಿ ಕಳೆದುಹೋಗುವ ಒಂದು ಕಾಯಿಲೆಯನ್ನು ಇವತ್ತು ಎತ್ತಿಕೊಂಡಿದ್ದೇನೆ: ಪಿಯುಜೆ ಅಡಚಣೆ.

ಕಿಡ್ನಿಯೊಳಗೆ ಮೂತ್ರ ಕೂಡುವ ಜಾಗ ಲಾಳಿಕೆಯಂತಿದೆ. ಅದರ ಕೊಳವೆಯೇ ಮೂತ್ರನಾಳ. ಎರಡೂ ಸೇರುವ ಬಾಯಿ ಹುಟ್ಟಿನಿಂದಲೇ ಇಕ್ಕಟ್ಟಾಗಿರಬಹುದು; ಅಲ್ಲಿನ ಸ್ನಾಯು ಮೂತ್ರವನ್ನು ಕೆಳಗೆ ತಳ್ಳದಿರಬಹುದು; ಕಿಡ್ನಿಯ ಕೆಳತುದಿಗೆ ಹೋಗುವ ರಕ್ತನಾಳವೊಂದು ಅಡ್ಡ ಹಾಯ್ದು ಅದನ್ನು ಮಡಚಿರಬಹುದು. ಹೆಚ್ಚು ನೀರು ಕುಡಿದಾಗ ಪಕ್ಕೆ ನೋವು ಏಳುವುದು ಇದರ ಒಂದು ಗುರುತು. ರೋಗಿ ಹೇಳೋದು ಮಾತ್ರ, "ಕಿಡ್ನ್ಯಾಗ ಹರಳ ಅದರೀ." ಹರಳು ಇದ್ದರೂ ಇರಬಹುದು, ಮೂತ್ರ ನಿಂತಲ್ಲಿ ಹರಳು ಕಟ್ಟುತ್ತದೆ. ಆದರೆ ಹರಳು ತೆಗೆದರೆ ಬಾಯಿ ಬಿಚ್ಚುವುದಿಲ್ಲ. ಕೆಲವರಿಗೆ ನೋವೇ ಇರುವುದಿಲ್ಲ, ಕಿಡ್ನಿ ಸದ್ದಿಲ್ಲದೆ ಸೊರಗುತ್ತದೆ. ನನಗೆ ಹೆಚ್ಚು ಭಯ ಇದರದ್ದೇ.

ಸ್ಕ್ಯಾನಿನಲ್ಲಿ ಊದಿಕೊಂಡಿದೆ ಎಂದ ಮಾತ್ರಕ್ಕೆ ಆಪರೇಷನ್ ಬೇಡ. ಎಷ್ಟೋ ಹಸುಗೂಸುಗಳಲ್ಲಿ ಊತ ತಾನಾಗಿಯೇ ಇಳಿಯುತ್ತದೆ. ರೀನೋಗ್ರಾಂ ನೋಡಬೇಕು: ಔಷಧಿ ಕೊಟ್ಟ ಮೇಲೂ ಅರ್ಧ ಭಾಗ ಖಾಲಿಯಾಗಲು 20 ನಿಮಿಷ ಮೀರಿದರೆ ಅಡಚಣೆಯ ಶಂಕೆ ಬಲವಾಗುತ್ತದೆ. ಆ ಕಿಡ್ನಿಯ ಪಾಲಿನ ಕೆಲಸ ಶೇ. 40ಕ್ಕಿಂತ ಕೆಳಗಿದ್ದರೆ, ಇಳಿಯುತ್ತಿದ್ದರೆ, ಅಥವಾ ನೋವು, ಸೋಂಕು ಮರುಕಳಿಸುತ್ತಿದ್ದರೆ ಆಪರೇಷನ್ ಮಾತು.

ಆಂಡರ್ಸನ್ ಮತ್ತು ಹೈನ್ಸ್ 1949ರಲ್ಲಿ ವಿವರಿಸಿದ ವಿಧಾನವೇ ಇಂದಿಗೂ ಆಧಾರ. ಇಕ್ಕಟ್ಟಾದ ತುಂಡನ್ನು ಕತ್ತರಿಸಿ, ನಾಳದ ತುದಿಯನ್ನು ಸೀಳಿ ಅಗಲಿಸಿ, ಲಾಳಿಕೆಗೆ ಮತ್ತೆ ಹೊಲಿಯುವುದು. ಅಡ್ಡ ರಕ್ತನಾಳವನ್ನು ಕತ್ತರಿಸುವಂತಿಲ್ಲ, ಕಿಡ್ನಿಯ ಒಂದು ಭಾಗಕ್ಕೆ ಅದೇ ರಕ್ತ. ಜೋಡಣೆಯನ್ನೇ ಅದರ ಮುಂದೆ ತರುತ್ತಾರೆ. 1993ರಿಂದ ಇದನ್ನೇ ಲ್ಯಾಪರೋಸ್ಕೋಪಿಯಲ್ಲಿ, ಮೂರು-ನಾಲ್ಕು ಸಣ್ಣ ರಂಧ್ರಗಳಿಂದ, ಮಾಡುತ್ತಿದ್ದಾರೆ. ಪಕ್ಕೆಯ ಉದ್ದ ಗಾಯ ತಪ್ಪಿತು, ಯಶಸ್ಸು ತೆರೆದ ಆಪರೇಷನ್ನಿನಷ್ಟೇ, ಶೇ. 90ಕ್ಕಿಂತ ಮೇಲು. ಗಾಯ ಸಣ್ಣದು ಅಂದಕೂಡಲೇ ಆಪರೇಷನ್ ಸಣ್ಣದು ಅಂತಲ್ಲ, ಒಳಗಿನ ಹೊಲಿಗೆ ಅಷ್ಟೇ ನಾಜೂಕು.

ಆಪರೇಷನ್ನಿನಲ್ಲಿ ಹೊಲಿಗೆ ಮಾಯಲೆಂದು ಸಾಮಾನ್ಯವಾಗಿ ಒಳಗೆ ಡಿಜೆ ಸ್ಟೆಂಟ್ ಎಂಬ ಮೆತ್ತನೆಯ ನಳಿಕೆ ಇಡುತ್ತಾರೆ. ನಾಲ್ಕರಿಂದ ಆರು ವಾರಕ್ಕೆ ತೆಗೆಸಬೇಕು. ಕಾಗದದಲ್ಲಿ ಇದು ಇಂಗ್ಲಿಷಿನ ಒಂದೇ ಸಾಲು. ತೊಗರಿ ಕೊಯ್ಲಿಗೆ ಊರಿಗೆ ಹೊರಟವನಿಗೆ ಆ ಸಾಲು ತಿಳಿಯದಿದ್ದರೆ, ನಳಿಕೆ ತಿಂಗಳುಗಟ್ಟಲೆ ಉಳಿದು ಅದರ ಮೇಲೇ ಹರಳು ಕಟ್ಟಿ, ಉಳಿಸಿದ ಕಿಡ್ನಿಯೇ ಹೋಗಬಹುದು.

ಚರ್ಚೆಯಲ್ಲಿ ಒಬ್ಬರು ಕೇಳಿದರು, ರೋಗಿಗೆ ಸ್ಟೆಂಟ್ ಅನ್ನೋದನ್ನ ಹೇಗೆ ಹೇಳ್ತೀರಿ ಅಂತ. ನಾನು ಹೇಳೋದು ಹೀಗೆ: "ಒಳಗ ಒಂದು ನಳಿಗಿ ಅದರೀ, ಹೊಲಿಗಿ ಮಾಯೋ ತನಕ ಅಷ್ಟೇ. ಈ ತಾರೀಖಿಗೆ ಬಂದು ತಗಸ್ಕೋಬೇಕು." ತಾರೀಖನ್ನು ಕಾಗದದ ಮೇಲ್ಭಾಗದಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಬರೆದು, ಜೊತೆಗೆ ಬಂದವರ ಕೈಯಲ್ಲಿ ಒಮ್ಮೆ ಓದಿಸುತ್ತೇನೆ.